ಹುಲಿಯ ಹಾದಿಯಲ್ಲಿ ಫ್ಲ್ಯಾಶ್

ಕೊಂದ ಹುಲಿಯ ಮೇಲೆ ಕಾಲಿಟ್ಟು ಫೋಟೊ ತೆಗೆಸಿಕೊಳ್ಳುವುದೇ ದೊಡ್ಡಸ್ತಿಕೆಯಾಗಿದ್ದ ಕಾಲ. 1925ರ ಅಕ್ಟೋಬರ್‌ನಲ್ಲಿ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಪತ್ರಿಕೆ ಬೇರೆಯೇ ಬಗೆಯ ಹುಲಿ ಚಿತ್ರಗಳನ್ನು ಅಚ್ಚು ಹಾಕಿತು. ಅವುಗಳಲ್ಲಿದ್ದದ್ದು ಭಾರತದ ಕಾಡಿನ ಕತ್ತಲಲ್ಲಿ ತನ್ನ ಪಾಡಿಗೆ ತಾನು ನಡೆದುಹೋಗುತ್ತಿದ್ದ ಜೀವಂತ ಹುಲಿ. ತೆಗೆದವರು ಅಂದಿನ ಸಂಯುಕ್ತ ಪ್ರಾಂತ್ಯದ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್.

ಆಗ ಫ್ಲ್ಯಾಶ್ ಎಂದರೆ ಪುಡಿ. ಮೆಗ್ನೀಸಿಯಂ ಪುಡಿಗೆ ಪೊಟ್ಯಾಸಿಯಂ ಕ್ಲೋರೇಟ್ ಬೆರೆಸಿ ಈ ಮಿಶ್ರಣ ಮಾಡಿದವರು ಜರ್ಮನಿಯ ಮೀಥೆ ಮತ್ತು ಗೇಡಿಕೆ, 1887ರಲ್ಲಿ. ಕಿಡಿ ತಾಗಿದರೆ ಸಾಕು, ಭುಗ್ಗೆಂದು ಉರಿದು ಬಿಳಿ ಹೊಗೆ ಕಾರುತ್ತಿತ್ತು. ನ್ಯೂಯಾರ್ಕಿನ ಬಡವರ ಕೇರಿಗಳನ್ನು ಇದೇ ಬೆಳಕಿನಲ್ಲಿ ಚಿತ್ರಿಸಿದ ಪತ್ರಕರ್ತ ಜೇಕಬ್ ರೀಸ್, ಎರಡು ಸಲ ಮನೆಗೆ, ಒಂದು ಸಲ ತನಗೇ ಬೆಂಕಿ ಹೊತ್ತಿಸಿಕೊಂಡದ್ದನ್ನು ಬರೆದಿದ್ದಾರೆ.

ಅಂಥ ಪುಡಿಯನ್ನು ಚಾಂಪಿಯನ್ ಕಾಡಿಗೆ ಹೊತ್ತೊಯ್ದರು. ರಾತ್ರಿ ಹೊತ್ತು ಹುಲಿಗಳು ಕಾಲುಹಾದಿ, ಬಂಡಿದಾರಿ, ಒಣಗಿದ ಹಳ್ಳದ ಮರಳು ಹಿಡಿದು ತಿರುಗುತ್ತವೆ. ಹೆಜ್ಜೆಗುರುತು ನೋಡಿ ಜಾಗ ಆರಿಸಿ, ಹಾದಿಗೆ ಅಡ್ಡಲಾಗಿ ಸಣ್ಣ ತಂತಿ ಬಿಗಿಯಬೇಕು. ಹುಲಿಯ ಕಾಲು ತಾಗಿದ ಗಳಿಗೆಯಲ್ಲೇ ಪುಡಿ ಹೊತ್ತಬೇಕು. ಉರಿ ತಾರಕಕ್ಕೇರಿದಾಗ ಷಟರ್ ತೆರೆದಿರಬೇಕು. ಚೂರು ಹಿಂದುಮುಂದಾದರೂ ಚಿತ್ರ ಪೂರಾ ಕಪ್ಪು. ಜಿಂಕೆಯೋ ಮುಳ್ಳುಹಂದಿಯೋ ಮೊದಲೇ ತಂತಿ ಎಡವಿದರೆ ಆ ರಾತ್ರಿಯ ಕೆಲಸ ಅಲ್ಲಿಗೇ ಮುಗಿಯಿತು, ಏಕೆಂದರೆ ಪುಡಿ ಉರಿಯುವುದು ಒಂದೇ ಸಲ. ಇಷ್ಟು ಪಾಡುಪಟ್ಟು ಅವರು ತೆಗೆದ ಚಿತ್ರಗಳು 1927ರಲ್ಲಿ ‘ವಿತ್ ಎ ಕ್ಯಾಮೆರಾ ಇನ್ ಟೈಗರ್‌ಲ್ಯಾಂಡ್’ ಪುಸ್ತಕವಾಗಿ ಬಂದವು.

ಆ ಚಿತ್ರಗಳಲ್ಲಿ ಚಾಂಪಿಯನ್ ಗುರುತಿಸಿದ ಒಂದು ಸಂಗತಿ ಚಿತ್ರಗಳಿಗಿಂತಲೂ ದೊಡ್ಡದು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಪಟ್ಟೆ ನೋಡಿ ಇದು ಇಂಥದೇ ಹುಲಿ ಎಂದು ಹೇಳಬಹುದು. ಆದರೆ ಈ ತಿಳಿವು ಹುಲಿಗಣತಿಯ ಕೆಲಸಕ್ಕೆ ಬರಲು ದಶಕಗಳೇ ಹಿಡಿದವು. ಅಲ್ಲಿಯವರೆಗೆ ನಮ್ಮಲ್ಲಿ ನಂಬಿಕೊಂಡಿದ್ದದ್ದು ಹೆಜ್ಜೆಗುರುತಿನ ಎಣಿಕೆಯನ್ನು.

1990ರ ದಶಕದಲ್ಲಿ ನಾಗರಹೊಳೆಯಲ್ಲಿ ಪಟ್ಟೆ ನೋಡಿ ಹುಲಿ ಎಣಿಸುವ ಕೆಲಸ ಮಾಡಿ ತೋರಿಸಿದವರು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತ, ಶಿವರಾಮ ಕಾರಂತರ ಮಗ. ತಂತಿಯ ಬದಲು ಇನ್ಫ್ರಾರೆಡ್ ಕಿರಣ, ಪುಡಿಯ ಬದಲು ಎಲೆಕ್ಟ್ರಾನಿಕ್ ಫ್ಲ್ಯಾಶ್. ಒಳಗಿದ್ದದ್ದು ಮಾತ್ರ ಫಿಲ್ಮ್ ರೋಲೇ. ಹುಲಿಯ ಎಡಮೈ ಪಟ್ಟೆ ಬಲಮೈಗೆ ಹೊಂದುವುದಿಲ್ಲವಾದ್ದರಿಂದ ಹಾದಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಬೇಕು. ಎದುರುಬದುರು ಇಟ್ಟರೆ ಒಂದರ ಫ್ಲ್ಯಾಶ್ ಇನ್ನೊಂದರ ಲೆನ್ಸಿಗೆ ಹೊಡೆಯುತ್ತದೆ. ಹಾಗಾಗಿ ಅವನ್ನು ತುಸು ಓರೆಯಾಗಿ ಕಟ್ಟುತ್ತಾರೆ. ಹೀಗೆ ಸಿಕ್ಕ ಹುಲಿಗಳಲ್ಲಿ ಮತ್ತೆ ಸಿಕ್ಕವೆಷ್ಟು, ಹೊಸವೆಷ್ಟು ಎಂದು ಲೆಕ್ಕ ಹಾಕಿ ಒಟ್ಟು ಸಂಖ್ಯೆಯನ್ನು ಅಂದಾಜಿಸುವ ಕಾರಂತರ ಪ್ರಬಂಧ 1995ರಲ್ಲಿ ಪ್ರಕಟವಾಯಿತು. ಹುಲಿ ಸಂರಕ್ಷಣೆಗೆ ಕನ್ನಡ ನೆಲ ಕೊಟ್ಟ ಕೊಡುಗೆಗಳಲ್ಲಿ ಇದಕ್ಕೆ ಮೊದಲ ಸಾಲಿನ ಜಾಗ ಸಲ್ಲಬೇಕು. 2006ರ ರಾಷ್ಟ್ರೀಯ ಗಣತಿಯ ಹೊತ್ತಿಗೆ ಹೆಜ್ಜೆಗುರುತಿನ ಎಣಿಕೆ ಹಿಂದೆ ಸರಿದು, ಕ್ಯಾಮೆರಾ ಮುಂದೆ ಬಂದಿತ್ತು.

ಈಗ ಫಿಲ್ಮ್ ಹೋಗಿ ಡಿಜಿಟಲ್ ಬಂದಿದೆ, ಕಣ್ಣಿಗೆ ಕಾಣದ ಇನ್ಫ್ರಾರೆಡ್ ಫ್ಲ್ಯಾಶೂ ಸಿಗುತ್ತದೆ. ಅದರಲ್ಲಿ ನಡೆಯುವ ಹುಲಿಯ ಪಟ್ಟೆಗಳು ಮಸುಕಾಗಿಬಿಡುತ್ತವೆ. ಅದಕ್ಕೇ ಹುಲಿ ಎಣಿಸುವವರು ಇಂದಿಗೂ ಬಿಳಿ ಫ್ಲ್ಯಾಶನ್ನೇ ಆರಿಸಿಕೊಳ್ಳುತ್ತಾರೆ.