ರಾಷ್ಟ್ರಧ್ವಜವೂ ಧ್ವಜಮರ್ಯಾದೆಯೂ

ನಮ್ಮ ಮಠಮಾನ್ಯಗಳಲ್ಲಿ ಷಟ್‌ಸ್ಥಲ ಧ್ವಜವನ್ನೇರಿಸಿ ಮಹೋತ್ಸವಗಳನ್ನು ಆರಂಭಿಸುವ ರೂಢಿಯುಂಟು. ಸ್ವಾತಂತ್ರ್ಯೋತ್ಸವ ಗಣರಾಜ್ಯೋತ್ಸವಗಳಂದು ಅದೇ ಪ್ರಾಂಗಣದಲ್ಲಿ ತ್ರಿವರ್ಣಧ್ವಜವೂ ಏರುವುದು. ಈ ಎರಡನೆಯ ಧ್ವಜವನ್ನು ನಮ್ಮ ಹಿರಿಯರು ಎಂತಹ ಬೆಲೆ ತೆತ್ತು ಏರಿಸಿದರೆಂಬುದನ್ನು ಸದ್ಭಕ್ತರು ಅರಿತಿರುವುದು ಯುಕ್ತವಾಗಿದೆ.

1923ನೆಯ ಇಸವಿಯಲ್ಲಿ ನಾಗಪುರದಲ್ಲಿ ಧ್ವಜ ಸತ್ಯಾಗ್ರಹವು ನಡೆಯಿತು. ಚರಕದ ಧ್ವಜವನ್ನು ಹಿಡಿದು ನಡೆದವರನ್ನು ಆಂಗ್ಲ ಸರಕಾರವು ಸೆರೆಮನೆಗೆ ನೂಕುತ್ತಿದ್ದಿತು. ಹುಬ್ಬಳ್ಳಿಯ ಡಾಕ್ಟರ್ ನಾ. ಸು. ಹರ್ಡೀಕರರೂ ಅವರ ಸೇವಾ ಮಂಡಲದ ಸ್ವಯಂಸೇವಕರೂ ಆ ಸೆರೆವಾಸವನ್ನು ಅನುಭವಿಸಿದರು. ಅದೇ ವರ್ಷದ ಕೊನೆಯಲ್ಲಿ ಕಾಕಿನಾಡದ ಮಹಾಸಭೆಯ ಸಮಯದಲ್ಲಿ ಹಿಂದುಸ್ತಾನೀ ಸೇವಾದಲವು ಹುಟ್ಟಿತು. ಸಾಲಾಗಿ ನಿಂತು ಧ್ವಜಕ್ಕೆ ವಂದಿಸುವ ಶಿಸ್ತನ್ನು ಈ ದಲವು ನಾಡಿನಲ್ಲೆಲ್ಲ ಹರಡಿತು.

ಮೈಸೂರು ಸಂಸ್ಥಾನದಲ್ಲಿ ಈ ಪ್ರಶ್ನೆಯು ಇನ್ನೂ ಕಠಿನವಾಯಿತು. 1938ನೆಯ ಏಪ್ರಿಲ್ 11ರಂದು ಮದ್ದೂರಿನ ಬಳಿಯ ಶಿವಪುರದಲ್ಲಿ, ಪ್ರತಿಬಂಧಕಾಜ್ಞೆಯಿದ್ದರೂ ಅಧ್ಯಕ್ಷರಾದ ಟಿ. ಸಿದ್ಧಲಿಂಗಯ್ಯನವರು ಧ್ವಜವನ್ನೆತ್ತಲು ಮುಂದಾಗಿ ದಸ್ತಗಿರಿಯಾದರು. ಒಬ್ಬರ ಹಿಂದೆ ಒಬ್ಬರು ಅವರ ಹೆಜ್ಜೆಯಲ್ಲಿ ನಡೆದರು. ಅದೇ ತಿಂಗಳು 25ರಂದು ವಿದುರಾಶ್ವತ್ಥದಲ್ಲಿ ನೆರೆದ ಜನರ ಮೇಲೆ ಗುಂಡು ಹಾರಿತು. ಅನೇಕರು ಪ್ರಾಣಾರ್ಪಣೆ ಮಾಡಿದರು. ಬಳಿಕ ಸರದಾರ ಪಟೇಲರಿಗೂ ದಿವಾನ್ ಮಿರ್ಜಾ ಇಸ್ಮಾಯಿಲರಿಗೂ ಒಡಂಬಡಿಕೆಯಾಗಿ, ಸಮಾರಂಭಗಳಲ್ಲಿ ಸಂಸ್ಥಾನದ ಧ್ವಜದೊಡನೆ ಮಹಾಸಭೆಯ ಧ್ವಜವನ್ನೂ ಹಾರಿಸಲು ಅವಕಾಶವಾಯಿತು.

1947ನೆಯ ಜುಲೈ 22ರಂದು ಸಂವಿಧಾನ ಸಭೆಯು ಇಂದಿನ ಧ್ವಜವನ್ನು ಅಂಗೀಕರಿಸಿತು. ಚರಕದ ಸ್ಥಾನದಲ್ಲಿ 24 ಅರೆಗಳ ಅಶೋಕಚಕ್ರವು ನೆಲೆಗೊಂಡಿತು. ಉದ್ದ ಅಗಲಗಳು 3 : 2ರ ಪ್ರಮಾಣದಲ್ಲಿರಬೇಕೆಂಬುದು ನಿಯಮ. ಧಾರವಾಡದ ಬಳಿಯ ಗರಗದಲ್ಲಿ ನೇಯ್ದ ಖಾದಿಯೂ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿದ ಧ್ವಜಗಳೂ ನಾಡಿಗೆ ಕೀರ್ತಿ ತಂದಿವೆ. ಕಾಯಕನಿಷ್ಠರಾದ ನಮಗೆ ಇದು ವಿಶೇಷ ಸಂತೋಷದ ಸಂಗತಿ. 2021ರ ತಿದ್ದುಪಡಿಯಿಂದ ಯಂತ್ರದ ಬಟ್ಟೆಗೂ ಅನುಮತಿ ದೊರೆತಿದೆ.

ಸಾಮಾನ್ಯ ನಾಗರಿಕರು ಎಲ್ಲ ದಿನಗಳಲ್ಲಿಯೂ ಧ್ವಜವನ್ನು ಹಾರಿಸಬಹುದೆಂದು 2002ನೆಯ ಜನವರಿ 26ರಿಂದ ಜಾರಿಗೆ ಬಂದ ಧ್ವಜಸಂಹಿತೆಯು ವಿಧಿಸಿತು. ಅಧಿಕಾರದೊಡನೆ ಹೊಣೆಯೂ ಬಂದಿತು. ಕೇಸರಿಯು ಮೇಲಿರಬೇಕು. ಧ್ವಜವನ್ನು ಚುರುಕಾಗಿ ಏರಿಸಿ, ಗಾಂಭೀರ್ಯದಿಂದ ನಿಧಾನವಾಗಿ ಇಳಿಸತಕ್ಕದ್ದು. ಅದು ನೆಲಕ್ಕೆ ತಾಗಕೂಡದು, ಹರಿದುದನ್ನು ಹಾರಿಸಕೂಡದು, ಅದರ ಮೇಲೆ ಏನನ್ನೂ ಬರೆಯಕೂಡದು. ಜೀರ್ಣವಾದುದನ್ನು ಏಕಾಂತದಲ್ಲಿ, ಮೇಲಾಗಿ ಅಗ್ನಿಗೆ ಅರ್ಪಿಸಿ, ಮರ್ಯಾದೆಯಿಂದ ವಿಸರ್ಜಿಸತಕ್ಕದ್ದು.

ಭಕ್ತಿಯ ಭರದಲ್ಲಿ ಧ್ವಜಸ್ತಂಭದ ತುದಿಗೆ ಹೂಮಾಲೆ ಕಟ್ಟುವವರುಂಟು. ಸಂಹಿತೆಯು ಇದನ್ನು ಒಪ್ಪುವುದಿಲ್ಲ. ಅರಳಿಸುವ ಮುನ್ನ ಧ್ವಜದೊಳಗೆ ಹೂವಿನ ಎಸಳುಗಳನ್ನಿಡಲು ಮಾತ್ರ ಅಡ್ಡಿಯಿಲ್ಲ. ಇನ್ನೊಂದು ಸಂಗತಿಯು ಮಠಗಳಿಗೆ ಮುಖ್ಯವಾದುದು: ರಾಷ್ಟ್ರಧ್ವಜದ ಸ್ತಂಭದಲ್ಲಿ ಬೇರೆ ಧ್ವಜವನ್ನು ಹಾರಿಸಲಾಗದು, ಅದಕ್ಕಿಂತ ಎತ್ತರದಲ್ಲಾಗಲಿ ಸರಿಸಮನಾಗಿ ಮಗ್ಗುಲಲ್ಲಾಗಲಿ ಬೇರೊಂದನ್ನು ನಿಲ್ಲಿಸಲಾಗದು. ಆದುದರಿಂದ ಷಟ್‌ಸ್ಥಲ ಧ್ವಜಕ್ಕೆ ಬೇರೆಯ ಸ್ಥಳವನ್ನು ಗೊತ್ತುಮಾಡುವುದೇ ಲೇಸು.

ಇದರಿಂದ ಗುರುಧ್ವಜಕ್ಕೆ ಕುಂದಾಯಿತೆಂದು ಭಾವಿಸಲಾಗದು. ಷಟ್‌ಸ್ಥಲ ಧ್ವಜವು ನಮ್ಮ ಸಾಧನೆಯ ಗುರುತು; ತ್ರಿವರ್ಣವು ಎಲ್ಲ ಮತದವರಿಗೂ ಸಮಾನವಾದ ಆಸರೆಯ ಗುರುತು. ಸಕಲ ಜೀವಾತ್ಮರಿಗೆ ಲೇಸನ್ನು ಬಯಸುವ ಶರಣಮಾರ್ಗದವರು ಆ ಆಸರೆಯನ್ನು ಗೌರವಿಸುವುದು ಸ್ವಧರ್ಮಕ್ಕೆ ಅನುಗುಣವೇ ಆಗಿದೆ. ಶಿವಪುರದ ಹಿರಿಯರು ಧ್ವಜಕ್ಕಾಗಿ ಸೆರೆಯನ್ನು ಸಹಿಸಿದರು. ನಮ್ಮ ಪಾಲಿಗೆ ಉಳಿದಿರುವುದು ಅದನ್ನು ಶುಚಿಯಾಗಿ, ನೆಟ್ಟಗೆ, ನಿಯಮದಂತೆ ಏರಿಸಿ ಇಳಿಸುವ ಸುಲಭವಾದ ಸೇವೆ. ಶ್ರೀಮಠದ ಶಿಷ್ಯರು, ವಿಶೇಷವಾಗಿ ಪ್ರಸಾದನಿಲಯದ ಬಾಲಕರು, ಇದನ್ನು ಆಚಾರವೆಂದೇ ತಿಳಿದು ನಡೆಸಲಿ.