ಮಲಗಿದ್ದ ತಟ್ಟೆ ಎದ್ದು ನಿಂತ ಕಥೆ

ಹಬ್ಬದ ಬೆಳಿಗ್ಗೆ. ಮನೆಗೆ ನೆಂಟರು ಬಂದಿದ್ದಾರೆ. ಹಣ್ಣು, ಎಲೆಅಡಿಕೆ ಇಟ್ಟುಕೊಡಲು ದೊಡ್ಡ ಹರಿವಾಣ ಬೇಕು. ಅದು ಇರುವುದೆಲ್ಲಿ? ಅಡಿಗೆಮನೆಯ ಕಟ್ಟೆಯ ಕೆಳಗೆ, ಕಪಾಟಿನ ಹಿಂಭಾಗದ ಕತ್ತಲಲ್ಲಿ, ಏಳು ತಟ್ಟೆಗಳ ಅಡಿಯಲ್ಲಿ. ಮನೆಯಾಕೆ ಕುಕ್ಕರಗಾಲಿನಲ್ಲಿ ಕುಳಿತು, ಮುಂದಿರುವ ಕುಕ್ಕರು, ಬಾಣಲೆಗಳನ್ನು ಹೊರಗಿಟ್ಟು, ಮೇಲಿನ ತಟ್ಟೆಗಳನ್ನು ಒಂದೊಂದಾಗಿ ಎತ್ತಿ ಹರಿವಾಣವನ್ನು ಎಳೆದು ತೆಗೆಯುವ ಹೊತ್ತಿಗೆ ಒಲೆಯ ಮೇಲಿನ ಹಾಲು ಉಕ್ಕಿರುತ್ತದೆ. ಕೆಲಸ ಮುಗಿದ ಮೇಲೆ ಇದೇ ಸರ್ಕಸ್ಸು ಹಿಂದುಮುಂದಾಗಿ ನಡೆಯಬೇಕು.

‘ನಮ್ಮ ಅಡಿಗೆಮನೆಯಲ್ಲಿ ಜಾಗವೇ ಸಾಲದು’ ಎಂಬುದು ಇಂಥ ಹೊತ್ತಿನಲ್ಲಿ ಕೇಳಿಬರುವ ಮಾತು. ಆದರೆ ಬಹಳಷ್ಟು ಸಲ ಕೊರತೆ ಜಾಗದ್ದಲ್ಲ, ಇಡುವ ಕ್ರಮದ್ದು. ಎಂಟು ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸಿದರೆ ಕೆಳಗಿನದನ್ನು ತೆಗೆಯಲು ಏಳನ್ನು ಎತ್ತಬೇಕು, ಮತ್ತೆ ಏಳನ್ನು ಇಡಬೇಕು. ಯಾವ ತಟ್ಟೆ ಬೇಕಾದರೂ ಬೇಕಾಗಬಹುದು ಎಂದಿಟ್ಟುಕೊಂಡರೆ ಪ್ರತಿ ಸಲವೂ ಸರಾಸರಿ ಮೂರೂವರೆ ತಟ್ಟೆಗಳನ್ನು ಅನಗತ್ಯವಾಗಿ ಎತ್ತಬೇಕಾಗುತ್ತದೆ. ಅವೇ ಎಂಟು ತಟ್ಟೆಗಳನ್ನು ನಡುವೆ ಹಲಗೆಗಳನ್ನು ಕೊಟ್ಟು ನೆಟ್ಟಗೆ ನಿಲ್ಲಿಸಿದರೆ ಎತ್ತಬೇಕಾದ ಇತರ ತಟ್ಟೆಗಳ ಸಂಖ್ಯೆ ಸೊನ್ನೆ.

ಇಷ್ಟು ಸರಳವಾದ ಉಪಾಯಕ್ಕೂ ಒಂದು ಇತಿಹಾಸವಿದೆ. ಅಡಿಗೆಮನೆಯಲ್ಲಿ ದುಡಿಯುವವರ ಶ್ರಮವನ್ನು ಯಾರು, ಯಾವಾಗ ಲೆಕ್ಕಕ್ಕೆ ತೆಗೆದುಕೊಂಡರು ಎಂಬ ಪ್ರಶ್ನೆಯೊಂದಿಗೆ ಅದು ಹೆಣೆದುಕೊಂಡಿದೆ.

ನಾಗಂದಿಗೆಯ ಕಾಲ

ನಮ್ಮ ಹಳೆಯ ಮನೆಗಳಲ್ಲಿ ಈ ಸಮಸ್ಯೆ ಅಷ್ಟಾಗಿ ಇರಲಿಲ್ಲ. ಊಟಕ್ಕೆ ಬಾಳೆಎಲೆ ಅಥವಾ ಮುತ್ತುಗದ ಎಲೆ ಹಾಕುತ್ತಿದ್ದ ಮನೆಗಳಲ್ಲಿ ಉಂಡ ಮೇಲೆ ಎತ್ತಿಡಬೇಕಾದ ತಟ್ಟೆಗಳೇ ಕಡಿಮೆ. ದಿನಬಳಕೆಯ ಪಾತ್ರೆಗಳಿಗೆ ಗೋಡೆಯ ನಾಗಂದಿಗೆ, ಸಣ್ಣಪುಟ್ಟ ವಸ್ತುಗಳಿಗೆ ಗೋಡೆಯಲ್ಲೇ ಬಿಟ್ಟ ಗೂಡು, ಹಬ್ಬ ಮದುವೆಗಳಿಗೆ ಬೇಕಾಗುವ ಕೊಪ್ಪರಿಗೆ, ಹರಿವಾಣಗಳಿಗೆ ಉಗ್ರಾಣ ಅಥವಾ ಅಟ್ಟ. ನಾಗಂದಿಗೆಗೆ ಬಾಗಿಲಿಲ್ಲ, ಅದರ ಮೇಲೆ ಇದ್ದದ್ದೆಲ್ಲ ಕಣ್ಣಿಗೆ ಕಾಣುತ್ತಿತ್ತು. ಆಳವೂ ಹೆಚ್ಚಿಲ್ಲದ್ದರಿಂದ ಒಂದರ ಹಿಂದೆ ಒಂದು ಅಡಗುವ ಪ್ರಶ್ನೆಯಿರಲಿಲ್ಲ.

ಅಡಿಗೆಮನೆ ಚಿಕ್ಕದಾಗಿ, ಉಗ್ರಾಣ ಮಾಯವಾಗಿ, ನಿಂತು ಅಡಿಗೆ ಮಾಡುವ ಕಟ್ಟೆ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಕಟ್ಟೆಯ ಕೆಳಗಿನ ಖಾಲಿ ಜಾಗಕ್ಕೆ ಕಡಪ ಕಲ್ಲಿನ ಅಡ್ಡಹಲಗೆ ಕೂರಿಸಿ, ಮುಂದೆ ಬಾಗಿಲು ಇಟ್ಟರು. ಸುಮಾರು ಎರಡು ಅಡಿ ಆಳದ ಆ ಗವಿಯಲ್ಲಿ ಮುಂದಿನ ಅರ್ಧ ಮಾತ್ರ ಬಳಕೆಗೆ ಬರುತ್ತದೆ. ಹಿಂದಿನ ಅರ್ಧ ಮರೆತ ಪಾತ್ರೆಗಳ ಬೀಡು.

ಮನೆ ಚಿಕ್ಕದಾಗಿ ಅಡಿಗೆಮನೆ ಇಕ್ಕಟ್ಟಾದ ಈ ಅನುಭವ ಪಶ್ಚಿಮದ ದೇಶಗಳಿಗೆ ನಮಗಿಂತ ಮೊದಲೇ ಆಗಿತ್ತು. ಅದಕ್ಕೆ ಉತ್ತರ ಹುಡುಕುವ ಪ್ರಯತ್ನಗಳು ಶುರುವಾದದ್ದೂ ಅಲ್ಲಿಯೇ.

ಹಡಗಿನಿಂದ ಕಲಿತ ಪಾಠ

1869ರಲ್ಲಿ ಅಮೆರಿಕದ ಕ್ಯಾಥರೀನ್ ಬೀಚರ್ ತಮ್ಮ ತಂಗಿಯೊಡನೆ ಸೇರಿ ‘ದಿ ಅಮೆರಿಕನ್ ವುಮನ್ಸ್ ಹೋಂ’ ಎಂಬ ಪುಸ್ತಕ ಪ್ರಕಟಿಸಿದರು. ತಂಗಿ ಬೇರಾರೂ ಅಲ್ಲ, ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿ ಬರೆದು ಗುಲಾಮಗಿರಿಯ ವಿರುದ್ಧ ಜನರನ್ನು ಬಡಿದೆಬ್ಬಿಸಿದ ಹ್ಯಾರಿಯೆಟ್ ಬೀಚರ್ ಸ್ಟೋವ್. ಹಬೆ ಹಡಗಿನ ಅಡಿಗೆ ಕೋಣೆಯತ್ತ ಈ ಪುಸ್ತಕ ಬೆರಳು ತೋರಿಸುತ್ತದೆ. ಇನ್ನೂರು ಜನರಿಗೆ ಅಡಿಗೆ ಮಾಡಲು ಬೇಕಾದ ಪಾತ್ರೆ ಪದಾರ್ಥಗಳೆಲ್ಲ ಆ ಪುಟ್ಟ ಕೋಣೆಯಲ್ಲಿ ಹಿಡಿಸುತ್ತವೆ. ಒಂದೆರಡು ಹೆಜ್ಜೆಯಲ್ಲೇ ಎಲ್ಲವೂ ಅಡಿಗೆಯವನ ಕೈಗೆ ಸಿಗುತ್ತವೆ. ಮನೆಯಲ್ಲಿ ಮಾತ್ರ ಹೆಂಗಸು ಒಲೆ, ನೀರು, ಉಗ್ರಾಣಗಳ ನಡುವೆ ದಿನವಿಡೀ ಅಲೆಯಬೇಕೇಕೆ ಎಂಬುದು ಪುಸ್ತಕದ ಪ್ರಶ್ನೆ. ಪ್ರತಿ ವಸ್ತುವಿಗೂ ಅದರ ಅಳತೆಗೆ ತಕ್ಕ ಗೂಡು ಇರಬೇಕು, ಅದು ಬಳಕೆಯಾಗುವ ಸ್ಥಳದ ಹತ್ತಿರವೇ ಇರಬೇಕು ಎಂದು ಬೀಚರ್ ನಕ್ಷೆ ಬರೆದು ತೋರಿಸಿದರು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದೇ ವಿಚಾರ ಅಂಗಡಿಗೆ ಬಂತು. ಇಂಡಿಯಾನಾ ರಾಜ್ಯದಲ್ಲಿ ತಯಾರಾದ ‘ಹೂಸಿಯರ್’ ಕಪಾಟಿನಲ್ಲಿ ಹಿಟ್ಟಿನ ಡಬ್ಬ, ಅದರಡಿ ಜರಡಿ, ಮುಂದಕ್ಕೆ ಎಳೆದುಕೊಳ್ಳುವ ಹಲಗೆ, ಸಾಂಬಾರ ಪದಾರ್ಥಗಳ ಶೀಶೆ ಎಲ್ಲವೂ ಒಂದೇ ಕಡೆ ಇದ್ದವು. ಇವು ಲಕ್ಷಗಟ್ಟಲೆ ಮಾರಾಟವಾದವು.

ಎಂಬತ್ತು ತಪ್ಪು ಚಲನೆಗಳು

ಅದೇ ಕಾಲದಲ್ಲಿ ಫ್ರೆಡರಿಕ್ ಟೇಲರ್ ಎಂಬ ಎಂಜಿನಿಯರ್ ಕಾರ್ಖಾನೆಯ ಕೆಲಸಗಾರರ ಚಲನವಲನಗಳನ್ನು ಗಡಿಯಾರ ಹಿಡಿದು ಅಳೆಯುತ್ತಿದ್ದ. ಇದನ್ನು ಅಡಿಗೆಮನೆಗೆ ತಂದವರು ಕ್ರಿಸ್ಟೀನ್ ಫ್ರೆಡರಿಕ್. 1912ರಲ್ಲಿ ‘ಲೇಡೀಸ್ ಹೋಂ ಜರ್ನಲ್’ ಪತ್ರಿಕೆಯಲ್ಲಿ ಬರೆದ ಲೇಖನಮಾಲೆಯಲ್ಲಿ ಆಕೆ ತಮ್ಮನ್ನೇ ಪರೀಕ್ಷೆಗೆ ಒಡ್ಡಿಕೊಂಡರು. ಪಾತ್ರೆ ತೊಳೆಯುವುದೊಂದರಲ್ಲೇ ತಾವು ಎಂಬತ್ತು ತಪ್ಪು ಚಲನೆಗಳನ್ನು ಮಾಡುತ್ತಿದ್ದುದಾಗಿ ಒಪ್ಪಿಕೊಂಡರು. ಒರೆಸುವುದು, ವಿಂಗಡಿಸುವುದು, ಎತ್ತಿಡುವುದು ಈ ಲೆಕ್ಕಕ್ಕೆ ಸೇರಿರಲಿಲ್ಲ! ಪಾತ್ರೆ ತೊಳೆಯುವ ಜಾಗಕ್ಕೂ ಇಡುವ ಕಪಾಟಿಗೂ ಇರುವ ದೂರವೇ ಹೆಂಗಸಿನ ಬೆನ್ನುನೋವಿಗೆ ಒಂದು ಕಾರಣ ಎಂಬುದು ಅವರ ನಕ್ಷೆಗಳಿಂದ ಸ್ಪಷ್ಟವಾಯಿತು.

ಫ್ರೆಡರಿಕ್ ಅವರ ಪುಸ್ತಕ 1920ರ ದಶಕದ ಆರಂಭದಲ್ಲಿ ಜರ್ಮನ್ ಭಾಷೆಗೆ ಬಂತು. ಮೊದಲ ಮಹಾಯುದ್ಧದಲ್ಲಿ ಸೋತು, ವಸತಿಯ ತೀವ್ರ ಅಭಾವದಿಂದ ನರಳುತ್ತಿದ್ದ ಜರ್ಮನಿಯಲ್ಲಿ ಅದಕ್ಕೆ ಆಸಕ್ತ ಓದುಗರು ಸಿಕ್ಕರು. ಅವರಲ್ಲಿ ಒಬ್ಬಾಕೆ ವಿಯೆನ್ನಾದ ಯುವ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯುಟ್ಟೆ-ಲಿಹೊಟ್‌ಸ್ಕಿ.

ಫ್ರಾಂಕ್‌ಫರ್ಟಿನ ಅಡಿಗೆಮನೆ

ಫ್ರಾಂಕ್‌ಫರ್ಟ್ ನಗರದಲ್ಲಿ ಎರ್ನ್‌ಸ್ಟ್ ಮೇ ಅವರ ನೇತೃತ್ವದಲ್ಲಿ ಕಾರ್ಮಿಕರಿಗಾಗಿ ಸಾವಿರಾರು ಮನೆಗಳು ಏಳುತ್ತಿದ್ದವು. ಅವುಗಳ ಅಡಿಗೆಮನೆಯ ವಿನ್ಯಾಸ ಈಕೆಯ ಪಾಲಿಗೆ ಬಂತು. ಸಿಕ್ಕಿದ ಜಾಗ 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ರೈಲಿನ ಊಟದ ಡಬ್ಬಿಯ ಅಡಿಗೆ ಕೋಣೆಯನ್ನು ಮಾದರಿಯಾಗಿ ಇಟ್ಟುಕೊಂಡು 1926ರಲ್ಲಿ ಆಕೆ ರೂಪಿಸಿದ ಅಡಿಗೆಮನೆ ಇಂದಿನ ‘ಮಾಡ್ಯುಲರ್ ಕಿಚನ್’ಗಳ ಮೂಲಪುರುಷ.

ಅದರಲ್ಲಿ ಒಂದಂಗುಲವೂ ವ್ಯರ್ಥವಾಗಿರಲಿಲ್ಲ. ಅಕ್ಕಿ, ಸಕ್ಕರೆಗಳಿಗೆ ಹೆಸರು ಕೆತ್ತಿದ ಅಲ್ಯುಮಿನಿಯಂ ಡ್ರಾಯರುಗಳು. ಅವಕ್ಕೆ ಮೂತಿಯೂ ಇದ್ದುದರಿಂದ ಡ್ರಾಯರನ್ನೇ ಹೊರಗೆಳೆದು ಪಾತ್ರೆಗೆ ಸುರಿಯಬಹುದಿತ್ತು. ಹಿಟ್ಟಿಗೆ ಹುಳು ಬೀಳದಂತೆ ಓಕ್ ಮರದ ಡಬ್ಬ, ನೊಣ ಕೂರುವುದಿಲ್ಲವೆಂಬ ನಂಬಿಕೆಯಿಂದ ಬಳಿದ ನೀಲಿ ಹಸಿರು ಬಣ್ಣ, ಗೋಡೆಗೆ ಮಡಚುವ ಇಸ್ತ್ರಿ ಹಲಗೆ. ತೊಟ್ಟಿಯ ಪಕ್ಕದಲ್ಲೇ ತಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿ ನೀರು ಬಸಿಯಲು ಬಿಡುವ ಮರದ ಚೌಕಟ್ಟು. ಸುಮಾರು 10 ಸಾವಿರ ಮನೆಗಳಲ್ಲಿ ಈ ಅಡಿಗೆಮನೆಗಳನ್ನು ಕೂರಿಸಲಾಯಿತು.

ಸ್ವಾರಸ್ಯವೆಂದರೆ, ಇದನ್ನು ರೂಪಿಸುವ ಮೊದಲು ತಾವು ಅಡಿಗೆಯನ್ನೇ ಮಾಡಿರಲಿಲ್ಲವೆಂದು ಶ್ಯುಟ್ಟೆ-ಲಿಹೊಟ್‌ಸ್ಕಿ ಮುಂದೆ ಹೇಳಿಕೊಂಡರು. ಅನುಭವದ ಬದಲು ಅವರು ನೆಚ್ಚಿದ್ದು ಲೆಕ್ಕಾಚಾರವನ್ನು. ಅದರ ಮಿತಿಯೂ ಬೇಗನೆ ಗೊತ್ತಾಯಿತು. ಇಬ್ಬರು ಒಟ್ಟಿಗೆ ಕೆಲಸ ಮಾಡಲು ಅಲ್ಲಿ ಜಾಗವಿರಲಿಲ್ಲ. ಡ್ರಾಯರುಗಳು ಪುಟ್ಟ ಮಕ್ಕಳ ಕೈಗೆ ಎಟುಕುತ್ತಿದ್ದವು. ಹೆಜ್ಜೆ ಉಳಿಸಲು ಹೊರಟು ಹೆಂಗಸನ್ನು ಒಂಟಿಯಾಗಿ ಪೆಟ್ಟಿಗೆಯೊಳಗೆ ಕೂಡಿಹಾಕಿದಂತಾಯಿತು ಎಂದು ಮುಂದಿನ ತಲೆಮಾರಿನ ಸ್ತ್ರೀವಾದಿಗಳು ಟೀಕಿಸಿದರು. ವಿನ್ಯಾಸಕಾರ್ತಿಯ ಉದ್ದೇಶವೇನೋ ಬೇರೆಯೇ ಇತ್ತು: ಮನೆಗೆಲಸ ಬೇಗ ಮುಗಿದರೆ ಹೆಣ್ಣಿಗೆ ಹೊರಗಿನ ಬದುಕಿಗೆ ಹೊತ್ತು ಸಿಗುತ್ತದೆ ಎಂಬುದು. ಹೊರಗಿನ ಬದುಕಿಗೆ ಆಕೆ ಸ್ವತಃ ತೆತ್ತ ಬೆಲೆ ಸಣ್ಣದಲ್ಲ. ನಾಜಿಗಳ ವಿರುದ್ಧದ ಭೂಗತ ಹೋರಾಟಕ್ಕೆ ಸೇರಿ, 1941ರಲ್ಲಿ ಬಂಧಿತರಾಗಿ, 1945ರಲ್ಲಿ ಬಿಡುಗಡೆಯಾಗುವವರೆಗೂ ಸೆರೆಮನೆಯಲ್ಲಿದ್ದರು. 2000ದ ಜನವರಿಯಲ್ಲಿ, 103 ವರ್ಷ ತುಂಬಲು ಕೆಲವೇ ದಿನಗಳಿರುವಾಗ ತೀರಿಕೊಂಡರು.

ಫಿನ್ಲೆಂಡಿನ ತಳವಿಲ್ಲದ ಕಪಾಟು

ತಟ್ಟೆಯನ್ನು ನಿಲ್ಲಿಸುವ ಉಪಾಯ ಫ್ರಾಂಕ್‌ಫರ್ಟಿನಲ್ಲೇ ಹುಟ್ಟಿದ್ದಲ್ಲ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಪಾತ್ರೆ ತೊಳೆಯುವ ತೊಟ್ಟಿಯ ಮೇಲೆ ಮರದ ಪಟ್ಟಿಗಳ ಚೌಕಟ್ಟು ಇರುತ್ತಿತ್ತು. ಆದರೆ ಬಸಿಯಲು ನಿಲ್ಲಿಸಿದ ತಟ್ಟೆಯನ್ನು ಮತ್ತೆ ಒರೆಸಿ, ಬೇರೆ ಕಪಾಟಿಗೆ ಸಾಗಿಸಿ, ಅಲ್ಲಿ ಮಲಗಿಸುವುದು ರೂಢಿ. ಬಸಿಯುವ ಜಾಗವೇ ಇಡುವ ಜಾಗವೂ ಏಕಾಗಬಾರದು? ಅಮೆರಿಕದಲ್ಲಿ ಲೂಯಿಸ್ ಕ್ರೌಸ್ ಎಂಬಾಕೆ 1932ರಲ್ಲೇ ಇಂಥ ಕಪಾಟಿಗೆ ಪೇಟೆಂಟ್ ಪಡೆದಿದ್ದರೂ ಅದು ಮನೆಮಾತಾಗಲಿಲ್ಲ. ಅದನ್ನು ಒಂದು ಇಡೀ ದೇಶದ ರೂಢಿಯಾಗಿಸಿದವರು ಫಿನ್ಲೆಂಡಿನ ಮೈಯು ಗೆಬ್‌ಹಾರ್ಡ್.

ಆಕೆ ಅಲ್ಲಿನ ‘ಕಾರ್ಯದಕ್ಷತಾ ಸಂಘ’ದ ಗೃಹವಿಜ್ಞಾನ ವಿಭಾಗದ ಮುಖ್ಯಸ್ಥೆ. ಗೃಹಿಣಿಯೊಬ್ಬಳು ಜೀವಮಾನದಲ್ಲಿ ಪಾತ್ರೆ ತೊಳೆದು ಒರೆಸುವುದರಲ್ಲೇ ಸುಮಾರು 30 ಸಾವಿರ ಗಂಟೆ ಕಳೆಯುತ್ತಾಳೆಂದು ಅವರು ಲೆಕ್ಕ ಹಾಕಿದರು. ಹಗಲು ರಾತ್ರಿ ಬಿಡದೆ ದುಡಿದರೂ ಇದು ಮೂರು ವರ್ಷಕ್ಕೆ ಮಿಕ್ಕ ಕೆಲಸ. 1944-45ರಲ್ಲಿ, ಯುದ್ಧದ ಕಷ್ಟದ ದಿನಗಳಲ್ಲಿ, ಅವರು ಸೂಚಿಸಿದ ಪರಿಹಾರ ತೀರಾ ಸರಳ. ತೊಟ್ಟಿಯ ನೇರ ಮೇಲೆ ಬಾಗಿಲುಳ್ಳ ಕಪಾಟು; ಅದಕ್ಕೆ ತಳದ ಹಲಗೆಯಿಲ್ಲ, ಅಡ್ಡಹಲಗೆಗಳ ಬದಲು ಪಟ್ಟಿಗಳ ಸಾಲು. ತೊಳೆದ ತಟ್ಟೆಯನ್ನು ಪಟ್ಟಿಗಳ ನಡುವೆ ನಿಲ್ಲಿಸಿ ಬಾಗಿಲು ಮುಚ್ಚಿದರೆ ಆಯಿತು. ನೀರು ತೊಟ್ಟಿಗೆ ಇಳಿಯುತ್ತದೆ, ಗಾಳಿ ಒಣಗಿಸುತ್ತದೆ, ಮುಂದಿನ ಊಟಕ್ಕೆ ತಟ್ಟೆ ಅಲ್ಲಿಂದಲೇ ಕೈಗೆ ಬರುತ್ತದೆ. ಒರೆಸುವ, ಸಾಗಿಸುವ, ಪೇರಿಸುವ ಮೂರೂ ಕೆಲಸಗಳು ಇಲ್ಲವಾದವು.

1948ರಲ್ಲಿ ಈ ಕಪಾಟಿನ ಕಾರ್ಖಾನೆ ತಯಾರಿಕೆ ಆರಂಭವಾಯಿತು. ಮೊದಲು ಮರದ ಪಟ್ಟಿ, ಅನಂತರ ಪ್ಲಾಸ್ಟಿಕ್ ಲೇಪದ ತಂತಿ ಬಳಕೆಗೆ ಬಂದವು. ಇಂದು ಫಿನ್ಲೆಂಡಿನಲ್ಲಿ ಇದಿಲ್ಲದ ಅಡಿಗೆಮನೆ ಅಪರೂಪ. ಅಲ್ಲಿನ ಸಂಶೋಧನಾ ಪ್ರತಿಷ್ಠಾನವೊಂದು ಈ ಕಪಾಟನ್ನು ಸಹಸ್ರಮಾನದ ಮುಖ್ಯ ಫಿನ್ನಿಷ್ ಆವಿಷ್ಕಾರಗಳ ಸಾಲಿಗೆ ಸೇರಿಸಿತು.

ಗೋಡೆಯ ಸ್ಟೀಲ್ ಸ್ಟ್ಯಾಂಡ್

ನಮ್ಮ ಮನೆಗಳ ಗೋಡೆಗೆ ತೂಗುವ ಸ್ಟೀಲ್ ಸ್ಟ್ಯಾಂಡ್ ಕೂಡ ಇದೇ ತತ್ವದ ಮೇಲೆ ನಿಂತಿದೆ. ಮೇಲಿನ ಸಾಲಿನಲ್ಲಿ ನೆಟ್ಟಗೆ ನಿಂತ ಊಟದ ತಟ್ಟೆಗಳು, ನಡುವೆ ಡಬ್ಬಗಳು, ಕೆಳಗೆ ಕೊಕ್ಕೆಗೆ ತೂಗುವ ಲೋಟ, ಸೌಟು. ಇದನ್ನು ಫಿನ್ಲೆಂಡಿನಿಂದ ಬಂದದ್ದೆಂದು ಹೇಳಬೇಕಾಗಿಲ್ಲ. ಒಂದೇ ಬಗೆಯ ತೊಡಕಿಗೆ ಬೇರೆ ಬೇರೆ ಕಡೆ ಒಂದೇ ಬಗೆಯ ಉತ್ತರ ಸಿಗುವುದು ಹೊಸತಲ್ಲ. ಆದರೆ ಹೊಸ ಫ್ಲ್ಯಾಟುಗಳಲ್ಲಿ ಹಲವರು ಈ ಸ್ಟ್ಯಾಂಡನ್ನು ಹಳೆಯ ಫ್ಯಾಷನ್ನೆಂದು ತೆಗೆದುಹಾಕಿ, ಆಳವಾದ ಕಪಾಟಿನಲ್ಲಿ ತಟ್ಟೆಗಳನ್ನು ಮತ್ತೆ ಮಲಗಿಸಿದ್ದಾರೆ. ದುಡ್ಡು ಕೊಟ್ಟು ಕೊಂಡ ಅನನುಕೂಲ ಇದು.

ಇದಕ್ಕೆ ಹೆಚ್ಚಿನ ಖರ್ಚಿಲ್ಲದ ಪರಿಹಾರವುಂಟು. ಒಲೆಯ ಪಕ್ಕದಲ್ಲೋ ಫ್ರಿಜ್ಜಿನ ಪಕ್ಕದಲ್ಲೋ ಅರ್ಧ ಅಡಿಯಿಂದ ಒಂದು ಅಡಿ ಅಗಲದ ಸಂದು ಸಾಮಾನ್ಯವಾಗಿ ಉಳಿದಿರುತ್ತದೆ. ಅದರೊಳಗೆ ಎರಡು ಮೂರು ಅಂಗುಲಕ್ಕೊಂದರಂತೆ ತೆಳು ಹಲಗೆಗಳನ್ನು ನಿಲ್ಲಿಸಿದರೆ ಟ್ರೇ, ಹರಿವಾಣ, ಇಡ್ಲಿ ತಟ್ಟೆ, ಲಟ್ಟಿಸುವ ಮಣೆ ಎಲ್ಲವೂ ಪುಸ್ತಕದಂತೆ ಸಾಲಾಗಿ ನಿಲ್ಲುತ್ತವೆ. ಫ್ರಿಜ್ಜಿನ ಮೇಲಿನ ಆಳವಾದ ಕಪಾಟು ಹಗುರ ಟ್ರೇಗಳಿಗೆ ಹೇಳಿ ಮಾಡಿಸಿದ್ದು. ಭಾರದವು ಸೊಂಟದ ಮಟ್ಟಕ್ಕಿಂತ ಕೆಳಗಿರಬೇಕು. ಮುಚ್ಚಿದ ಮರದ ಕಪಾಟಾದರೆ ಒದ್ದೆ ತಟ್ಟೆಯನ್ನು ಇಡಬಾರದು. ನಮ್ಮ ಮಳೆಗಾಲದಲ್ಲಿ ಪ್ಲೈವುಡ್ ಉಬ್ಬಿ ಬೂಷ್ಟು ಹಿಡಿಯಲು ಅಷ್ಟೇ ಸಾಕು.

ಉಳಿದ ಹೊತ್ತು ಯಾರದು?

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರ ತಮ್ಮ ‘ಮೋರ್ ವರ್ಕ್ ಫಾರ್ ಮದರ್’ ಗ್ರಂಥದಲ್ಲಿ ಕಹಿ ಸತ್ಯವೊಂದನ್ನು ಮುಂದಿಟ್ಟರು. ಮನೆಗೆ ಯಂತ್ರೋಪಕರಣಗಳು ಬಂದರೂ ಗೃಹಿಣಿಯ ದುಡಿಮೆಯ ಹೊತ್ತು ನಿರೀಕ್ಷಿಸಿದಷ್ಟು ಇಳಿಯಲಿಲ್ಲ. ಶ್ರಮ ಕಡಿಮೆಯಾದಂತೆಲ್ಲ ನಿರೀಕ್ಷೆಗಳು ಏರಿದವು. ಮನೆಯ ಇತರರು ಮಾಡುತ್ತಿದ್ದ ಕೆಲಸಗಳೂ ಆಕೆಯ ಪಾಲಿಗೇ ಬಂದವು. ಅಂದರೆ ಕಪಾಟು ಹೆಜ್ಜೆಗಳನ್ನು ಉಳಿಸಬಲ್ಲದೇ ಹೊರತು, ಉಳಿದ ಹೊತ್ತು ಆಕೆಗೇ ಸಲ್ಲುವಂತೆ ಮಾಡಲಾರದು. ಅದನ್ನು ಮನೆಯವರೆಲ್ಲ ಸೇರಿ ತೀರ್ಮಾನಿಸಬೇಕು.

ಅಚ್ಚುಕಟ್ಟಾದ ಕಪಾಟಿನಿಂದ ಇದಕ್ಕೂ ಸ್ವಲ್ಪ ನೆರವಾಗುತ್ತದೆ. ಏಳು ತಟ್ಟೆಗಳ ಅಡಿಯಲ್ಲಿರುವ ಹರಿವಾಣ ಎಲ್ಲಿದೆಯೆಂದು ಮನೆಯಾಕೆಗೆ ಮಾತ್ರ ಗೊತ್ತಿರುತ್ತದೆ. ಹಾಗಾಗಿ ತೆಗೆದುಕೊಡುವ ಕೆಲಸವೂ ಅವಳದೇ ಆಗುತ್ತದೆ. ಸಾಲಾಗಿ ನಿಂತ ಹರಿವಾಣ ಬಾಗಿಲು ತೆರೆದ ಎಲ್ಲರಿಗೂ ಕಾಣುತ್ತದೆ. ಹೊಸ ಮನೆಯ ಅಡಿಗೆಕಟ್ಟೆಗೆ ಅಳತೆ ತೆಗೆಯುವ ಮೇಸ್ತ್ರಿಯೂ ಬಡಗಿಯೂ ಮನೆಯ ಯಜಮಾನನನ್ನು ಕೇಳುವ ಮೊದಲು ಅಲ್ಲಿ ದಿನವೂ ನಿಂತು ದುಡಿಯುವವರನ್ನು ಕೇಳಿದರೆ, ಬೀಚರ್ 1869ರಲ್ಲಿ ಎತ್ತಿದ ಪ್ರಶ್ನೆಗೆ ಆ ಒಂದು ಮನೆಯಲ್ಲಾದರೂ ಉತ್ತರ ಸಿಕ್ಕಂತಾಗುತ್ತದೆ.