ಹೂದೋಟದ ಹಾದಿಯಲ್ಲಿ ಇಟ್ಟಿಗೆಯ ಕಥೆ

ಬೆಂಗಳೂರು ದಂಡಿನ ಹಳೆಯ ಬಂಗಲೆ ಎಂದೊಡನೆ ನೆನಪಾಗುವುದು ಮಂಕಿ ಟಾಪ್ ಕಿಟಕಿ, ಹೆಂಚಿನ ಮಾಡು, ಅಂಗಳದ ಗುಲಾಬಿ. ಗೇಟಿನಿಂದ ಪೋರ್ಟಿಕೋವರೆಗಿನ ಹಾದಿಯನ್ನು ಗಮನಿಸಿದವರು ಕಡಿಮೆ. ಆದರೆ ಆ ಹಾದಿಗೂ ಒಂದು ಇತಿಹಾಸವಿದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷ್ ಪಡೆ ಅಲ್ಲಿಯೇ ಬೀಡುಬಿಟ್ಟಿತ್ತು. ಅಲ್ಲಿನ ಜ್ವರಬಾಧೆ ತಾಳಲಾರದೆ 1809ರಲ್ಲಿ ಹಲಸೂರಿನ ಕಡೆಗೆ ಬಂದಿತು. ಹೀಗೆ ಹುಟ್ಟಿದ ದಂಡಿನಲ್ಲಿ ಅಧಿಕಾರಿಗಳು ವಿಶಾಲ ಕಾಂಪೌಂಡಿನ ನಡುವೆ ಬಂಗಲೆ ಕಟ್ಟಿಕೊಂಡು, ಸುತ್ತ ತಮ್ಮ ನಾಡಿನ ಹೂಗಿಡ ಬೆಳೆಸಿದರು. 1896ರಲ್ಲಿ ಇಲ್ಲಿಗೆ ಬಂದ ತರುಣ ಸೈನ್ಯಾಧಿಕಾರಿ ವಿನ್ಸ್‌ಟನ್ ಚರ್ಚಿಲ್ ಅವರ ಬಂಗಲೆಯಲ್ಲೂ ಗುಲಾಬಿ ತೋಟವಿತ್ತು.

ಕುದುರೆ ಗಾಡಿ ಓಡಾಡುವ ಮುಖ್ಯ ಹಾದಿಗೆ ಸಾಮಾನ್ಯವಾಗಿ ಕೆಂಪು ಮುರಂ ಅಥವಾ ಜಲ್ಲಿ ಹಾಕುತ್ತಿದ್ದರು. ಇಟ್ಟಿಗೆಗೆ ಸಿಕ್ಕಿದ್ದು ಅಂಚಿನ ಕೆಲಸ. ಪಾತಿಗಳ ಸುತ್ತ ಇಟ್ಟಿಗೆಯನ್ನು ಓರೆಯಾಗಿ ಹೂತು ಗರಗಸದ ಹಲ್ಲಿನಂತೆ ಸಾಲುಗಟ್ಟಿ, ಕಾವಿ ಮತ್ತು ಸುಣ್ಣ ಬಳಿಯುವುದು ಸೈನ್ಯದ ವಾಡಿಕೆ. ದೇಶದ ಸೇನಾ ನೆಲೆಗಳಲ್ಲಿ ಈ ಕೆಂಪು-ಬಿಳಿ ಸಾಲನ್ನು ಇಂದಿಗೂ ಕಾಣಬಹುದು.

ಇಡೀ ಹಾದಿಗೇ ಇಟ್ಟಿಗೆ ಹಾಸುವುದು ಯುರೋಪಿನಲ್ಲಿ ಹಳೆಯ ರೂಢಿ. 19ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ತೋಟಗಾತಿ ಗರ್ಟ್ರೂಡ್ ಜೀಕಿಲ್ ಹಾಗೂ ಮುಂದೆ ನವದೆಹಲಿಯನ್ನು ರೂಪಿಸಿದ ಎಡ್ವಿನ್ ಲುಟೆನ್ಸ್ ಜೋಡಿ ಇದಕ್ಕೆ ಹೊಸ ಮೆರುಗು ಕೊಟ್ಟಿತು. ಮೀನಿನ ಮುಳ್ಳಿನಂತೆ ಹೆಣೆದ ಹೆರಿಂಗ್‌ಬೋನ್ ವಿನ್ಯಾಸ ಅವರ ತೋಟಗಳಲ್ಲಿ ಹೆಸರಾಯಿತು. ಇದು ಬರೀ ಅಂದಕ್ಕಲ್ಲ. ಒಂದಕ್ಕೊಂದು ತೆಕ್ಕೆಬಿದ್ದ ಇಟ್ಟಿಗೆಗಳು ಸುಲಭವಾಗಿ ಜಾರುವುದಿಲ್ಲ.

ಕಟ್ಟುವ ಕ್ರಮ ಸರಳ. ಎಂಟು ಅಂಗುಲ ಅಗೆದು, ನಾಲ್ಕು ಅಂಗುಲ ಜಲ್ಲಿ ದಮ್ಮಸು ಮಾಡಿ, ಮೇಲೆ ಒಂದು ಅಂಗುಲ ಮರಳು ಹರಡಬೇಕು. ಮೂರು ಅಂಗುಲ ದಪ್ಪದ ಇಟ್ಟಿಗೆಯನ್ನು ಮಲಗಿಸಿ ಜೋಡಿಸಿದರೆ ಹಾದಿ ನೆಲಕ್ಕೆ ಸಮನಾಗುತ್ತದೆ. ಸಂದುಗಳಿಗೆ ಸಿಮೆಂಟ್ ಬೇಡ, ಮರಳೇ ಸಾಕು. ನಾಲ್ಕು ಅಡಿ ಅಗಲಕ್ಕೆ ಒಂದು ಅಂಗುಲ ಇಳಿಜಾರಿರಲಿ. ಇಟ್ಟಿಗೆ ಮಾತ್ರ ಚೆನ್ನಾಗಿ ಬೆಂದಿರಬೇಕು. ಒಂದಕ್ಕೊಂದು ತಟ್ಟಿದರೆ ಕಂಚಿನಂತೆ ಠಣ್ ಎನ್ನಬೇಕು. ಅರೆಬೆಂದದ್ದು ನಾಲ್ಕು ಮಳೆಗಾಲದಲ್ಲಿ ಪುಡಿಯಾಗುತ್ತದೆ.

ಮರಳಿನ ಸಂದಿನ ಮಹತ್ವ ಈಗ ಅರಿವಾಗುತ್ತಿದೆ. 1949ರಲ್ಲಿ ದಂಡು ಮತ್ತು ಪೇಟೆ ಒಂದೇ ನಗರಪಾಲಿಕೆಗೆ ಸೇರಿದವು. ಕ್ರಮೇಣ ಅನೇಕ ಕಾಂಪೌಂಡುಗಳು ಹಂಚಿಹೋಗಿ ಅಪಾರ್ಟ್‌ಮೆಂಟುಗಳು ಎದ್ದವು. ಇಂದಿರಾನಗರದ ಸೈಟುಗಳಲ್ಲೂ ಅಂಗಳಕ್ಕೆ ಕಾಂಕ್ರೀಟ್ ಬಿತ್ತು. 40x60 ಅಡಿ ನಿವೇಶನದ ಮೇಲೆ ಒಂದು ಅಂಗುಲ ಮಳೆ ಸುರಿದರೆ ಅದು ಸುಮಾರು 5,600 ಲೀಟರ್ ನೀರು. ನೆಲವೆಲ್ಲ ಮುಚ್ಚಿದರೆ ಅದು ಹೋಗುವುದು ಚರಂಡಿಗೆ. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು ಇಂಥ ಮನೆಗಳಿಗೆ ಮಳೆನೀರು ಸಂಗ್ರಹ ಕಡ್ಡಾಯ ಮಾಡಬೇಕಾಯಿತು. 2024ರ ಮಾರ್ಚ್‌ನಲ್ಲಿ ನಗರದ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳ ಪೈಕಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಕೆ.ಆರ್. ಪುರದ ಕಡೆಯ ಬಡಾವಣೆಗಳು ಟ್ಯಾಂಕರಿಗಾಗಿ ಕಾದವು.

ಒಂದು ಇಟ್ಟಿಗೆ ಹಾದಿಯಿಂದ ನಗರದ ದಾಹ ತೀರದು, ನಿಜ. ಆದರೆ ಕಾಲಿಗೆ ಕೆಸರು ತಾಗದಂತೆ ನೋಡಿಕೊಳ್ಳುತ್ತಲೇ ನೆಲಕ್ಕೂ ಒಂದಿಷ್ಟು ನೀರು ಬಿಡಬಹುದು ಎಂಬ ವಿವೇಕ ಅದರಲ್ಲಿದೆ. ಅಂಗಳಕ್ಕೆ ಸಿಮೆಂಟ್ ಸುರಿಯುವ ಮುನ್ನ ಅದನ್ನು ನೆನೆಯುವುದು ಒಳ್ಳೆಯದಲ್ಲವೇ?